ಆಪ್ಷನ್ ಎಂಟ್ರಿಗೆ ಮೊದಲು, ಮಗಳಿಗೆ

ಪ್ರೀತಿಯ ಪುಟ್ಟಿ,

ಯಾವ ಕೋರ್ಸು, ಯಾವ ಕಾಲೇಜು ಬೇಕು ಅಂತ ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿ ಮುಗಿಯೋಕೆ ಎರಡೇ ದಿನ ಇದೆ. "ಎಂಬಿಬಿಎಸ್ ಸಿಗಲ್ಲ ಅಂದ್ಮೇಲೆ ಯಾವುದಾದ್ರೇನಮ್ಮ, ನೀನೇ ಏನಾದ್ರೂ ತುಂಬಿಬಿಡು" ಅಂತ ಫೋನ್ ಇಟ್ಟೆ. ಮತ್ತೆ ಫೋನ್ ಮಾಡಿದರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಈ ಪತ್ರ. ನೀಟ್ ಅಂಕದ ಮಾತು ಇಲ್ಲಿ ಬೇಡ. ಅದು ನಿನಗೂ ಗೊತ್ತು, ನನಗೂ ಗೊತ್ತು.

ನರ್ಸಿಂಗೋ ಫಿಸಿಯೋಥೆರಪಿಯೋ ಸೇರಿ ಆಮೇಲೆ ಎಂಬಿಬಿಎಸ್‌ಗೆ ದಾಟಬಹುದು ಅಂತ ನಿನ್ನ ಗೆಳತಿ ಹೇಳಿದಳಲ್ಲ, ಅಂಥ ದಾರಿ ಇಲ್ಲ. ಮತ್ತೆ ನೀಟ್ ಬರೆದು ಮೊದಲ ವರ್ಷದಿಂದಲೇ ಶುರು ಮಾಡಬೇಕು. ಹಾಗಾಗಿ ಈಗ ಸೇರುವ ಕೋರ್ಸನ್ನು ತಂಗುದಾಣ ಅಂದುಕೊಂಡು ಸೇರಬೇಡ. ನಲವತ್ತು ವರ್ಷ ಅದೇ ಕೆಲಸ ಮಾಡಬಲ್ಲೆಯಾ ಅಂತ ನೋಡಿ ಸೇರು.

ನಿನ್ನ ಪಟ್ಟಿಯಲ್ಲಿ ಪರ್ಫ್ಯೂಷನ್ ಟೆಕ್ನಾಲಜಿ ಮೊದಲಿದೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಯುವಾಗ ಹೃದಯ-ಶ್ವಾಸಕೋಶ ಯಂತ್ರ ನಡೆಸುವ ಕೆಲಸ ಅದು. ಜವಾಬ್ದಾರಿಯ ಕೆಲಸ, ಗೌರವದ್ದೂ ಹೌದು. ಆದರೆ ಆ ಶಸ್ತ್ರಚಿಕಿತ್ಸೆ ಇರುವ ಊರಿನಲ್ಲಷ್ಟೇ ಅದಕ್ಕೆ ಹುದ್ದೆ. ಡಯಾಲಿಸಿಸ್ ಟೆಕ್ನಾಲಜಿಯೂ ಒಂದೇ ಘಟಕಕ್ಕೆ ಕಟ್ಟಿಹಾಕುತ್ತದೆ. ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಓದಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೂ ಜಾಗ ಇರುತ್ತದೆ, ಆದರೆ ದಿನವಿಡೀ ಮಾದರಿಗಳ ಜೊತೆ ಇರಬೇಕು, ರೋಗಿಯ ಜೊತೆ ಮಾತು ಕಡಿಮೆ. ಮಾತಿಲ್ಲದೆ ನೀನು ಒಂದು ಗಂಟೆ ಕೂರುವವಳಲ್ಲ. ಫಾರ್ಮ್ ಡಿ, ಅಂದರೆ ಔಷಧ ವಿಜ್ಞಾನದ ಡಾಕ್ಟರ್ ಪದವಿ, ಆರು ವರ್ಷ, ಕೊನೆಯ ವರ್ಷ ಇಂಟರ್ನ್‌ಶಿಪ್. ಹೆಸರಿನ ಮುಂದೆ ಡಾಕ್ಟರ್ ಬರುತ್ತದೆ ಅನ್ನೋ ಒಂದೇ ಕಾರಣಕ್ಕೆ ಅದನ್ನು ಮೇಲಕ್ಕೆ ಹಾಕಬೇಡ. ಔಷಧದ ಪ್ರಮಾಣ, ಅಡ್ಡಪರಿಣಾಮ, ಒಂದು ಮಾತ್ರೆಗೂ ಇನ್ನೊಂದಕ್ಕೂ ಹೊಂದುತ್ತದೋ ಇಲ್ಲವೋ, ಇವನ್ನು ತಾಳ್ಮೆಯಿಂದ ನೋಡುವವರಿಗೆ ಆ ಕೋರ್ಸು.

ನನ್ನನ್ನು ಕೇಳಿದರೆ ನಿನಗೆ ಒಪ್ಪುವುದು ಬಿಎಎಸ್‌ಎಲ್‌ಪಿ, ಅಂದರೆ ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ. ಅದರಲ್ಲಿ ಶಬ್ದದ ಭೌತಶಾಸ್ತ್ರ ಇದೆ, ಭಾಷಾಶಾಸ್ತ್ರ ಇದೆ, ಮಕ್ಕಳಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯ 'ಆಯಿಷ್' (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) 1965ರಿಂದ ಇದನ್ನೇ ಮಾಡಿಕೊಂಡು ಬಂದಿರುವ ಸಂಸ್ಥೆ. ನಮಗೆ ಹೇಳದೆ ಅದರ ಪ್ರವೇಶ ಪರೀಕ್ಷೆ ಬರೆದು ಬಂದೆಯಲ್ಲ, ಆ ಧೈರ್ಯ ನೋಡಿ ನಿಮ್ಮಪ್ಪ ಮೂರು ಮನೆಗೆ ಹೇಳಿಕೊಂಡು ಬಂದರು. ಅಲ್ಲಿ ಸಿಕ್ಕಿದರೆ ಉಳಿದದ್ದೆಲ್ಲ ಬಿಡು. ಸಿಗದಿದ್ದರೆ ಬಿಎಸ್ಸಿ ನರ್ಸಿಂಗ್. ನಾನು ನರ್ಸ್ ಆಗಿರುವುದಕ್ಕೆ ಹೇಳುತ್ತಿಲ್ಲ, ನಿನ್ನ ಸ್ವಭಾವ ನೋಡಿ ಹೇಳುತ್ತಿದ್ದೇನೆ.

ಕೋರ್ಸು ಯಾವುದೇ ಆಗಲಿ, ನನಗೆ ಹೆದರಿಕೆ ಇರುವುದು ಕಾಲೇಜಿನದು. ರೋಗಿಗಳೇ ಇಲ್ಲದ ಕಾಲೇಜು. ಕಟ್ಟಡ ಚೆನ್ನಾಗಿರುತ್ತದೆ, ಲ್ಯಾಬಿನಲ್ಲಿ ಗೊಂಬೆ ಹೊಸದಾಗಿರುತ್ತದೆ, ಹಾಸಿಗೆಗಳೂ ಸಾಲಾಗಿ ಇರುತ್ತವೆ. ಹಾಸಿಗೆಯ ಮೇಲೆ ಯಾರೂ ಇರುವುದಿಲ್ಲ. ಅಂಥ ಕಾಲೇಜಿನವರು ಹುಡುಗಿಯರನ್ನು ಬಸ್ಸಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಆಗಲೇ ಬೇರೆ ಕಾಲೇಜುಗಳ ಬ್ಯಾಚು ಬಂದು ನಿಂತಿರುತ್ತದೆ. ಒಬ್ಬ ರೋಗಿಗೆ ಕ್ಯಾತಿಟರ್ ಹಾಕುವುದನ್ನು ಮೂವತ್ತು ಜನ ಹೆಗಲ ಮೇಲಿಂದ ಇಣುಕುತ್ತಾರೆ. ಕೈಯಿಂದ ಮಾಡುವವರು ಇಬ್ಬರು, ಕೇಸ್ ಪುಸ್ತಕದಲ್ಲಿ ಸಹಿ ಎಲ್ಲರಿಗೂ. ಪಾಸಾದ ಮೇಲೆ ಮೊದಲ ರಾತ್ರಿ ಪಾಳಿಯಲ್ಲಿ, ನಿರ್ಜಲೀಕರಣವಾದ ಮಗುವಿಗೆ ನರ ಸಿಗದೆ ಕೈ ನಡುಗುವುದು ಅಂಥವರದು. ತಪ್ಪು ಆ ಹುಡುಗಿಯದಲ್ಲ, ಬೈಗುಳ ಮಾತ್ರ ಅವಳಿಗೆ. ಹೊರದೇಶಕ್ಕೆ ಹೋಗಬೇಕೆಂದರೆ ಇನ್ನೂ ಕಷ್ಟ. ಅಮೆರಿಕದ ನರ್ಸಿಂಗ್ ಮಂಡಳಿಗಳು ಮಕ್ಕಳ, ಹೆರಿಗೆ, ಮನೋರೋಗ ವಿಭಾಗಗಳ ಪಾಠವನ್ನೂ ವಾರ್ಡಿನ ಕೆಲಸವನ್ನೂ ಬೇರೆಬೇರೆಯಾಗಿ ಪರಿಶೀಲಿಸುತ್ತವೆ. ಒಂದು ವಿಭಾಗದಲ್ಲಿ ಕೊರತೆ ಕಂಡರೂ ಅರ್ಜಿ ಅಲ್ಲೇ ನಿಲ್ಲಬಹುದು.

ಆದ್ದರಿಂದ ಪಟ್ಟಿಗೆ ಹಾಕುವ ಮುಂಚೆ ಹೋಗಿ ನೋಡು. ಭಾನುವಾರ ಬೇಡ, ವಾರದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೋಗು. ಕಾಲೇಜಿನ ಆಫೀಸಿಗೆ ಹೋಗಬೇಡ, ಆಸ್ಪತ್ರೆಯ ಹೊರರೋಗಿ ಚೀಟಿ ಕೊಡುವ ಕಡೆ ಸ್ವಲ್ಪ ಹೊತ್ತು ನಿಲ್ಲು. ಸಾಲು ಎಷ್ಟುದ್ದ ಇದೆ ನೋಡು. ಎಷ್ಟು ಹಾಸಿಗೆ ಇದೆ ಅಂತ ಕೇಳಬೇಡ, ಇವತ್ತು ಎಷ್ಟು ತುಂಬಿದೆ ಅಂತ ಕೇಳು. ಮೂರನೇ ವರ್ಷದ ಇಬ್ಬರು ಹುಡುಗಿಯರನ್ನು ಮಾತಾಡಿಸು: ಹೆರಿಗೆ ಪೋಸ್ಟಿಂಗ್ ಎಲ್ಲಿ, ನಿಜವಾಗಿ ಎಷ್ಟು ಹೆರಿಗೆಯಲ್ಲಿ ಕೈ ಹಾಕಿದ್ದೀರಿ, ರಾತ್ರಿ ಪಾಳಿ ಇದೆಯಾ? ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಸಾಕು, ವಾಪಸ್ ಬಂದುಬಿಡು. ಇಷ್ಟು ಮುಂಚೆಯೇ ಹೇಳಿದ್ದೇನೆ ಅಂತ ಗೊತ್ತು, ಆದರೂ ಬರೆಯದೆ ಸಮಾಧಾನವಿಲ್ಲ.

ಎಲ್ಲಾ ಕಾಲೇಜು ನೋಡಲು ಸಮಯವಿಲ್ಲ. ಮೇಲಿನ ಮೂರನ್ನು ನೋಡು, ಸಾಕು. ಉಳಿದವಕ್ಕೆ ಮಾನ್ಯತೆಯನ್ನಾದರೂ ಪರೀಕ್ಷಿಸು. ನರ್ಸಿಂಗ್‌ಗೆ ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ರಾಜ್ಯ ಪರಿಷತ್ತು, ಬಿಎಎಸ್‌ಎಲ್‌ಪಿಗೆ ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲದರ ಪಟ್ಟಿಯೂ ಅವುಗಳ ಜಾಲತಾಣದಲ್ಲಿದೆ. ಈ ವರ್ಷದ ಮಾನ್ಯತೆ ಇದೆಯಾ ನೋಡು, ಹಳೆಯ ಪತ್ರ ತೋರಿಸಿದರೆ ನಂಬಬೇಡ. ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು ಅನ್ನುವ ಏಜೆಂಟ್ ಫೋನ್ ಮಾಡಿದರೆ ನಂಬರನ್ನು ನನಗೆ ಕಳಿಸು.

ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಟ್ಟಿಯಲ್ಲಿ ಕ್ರಮವೇ ಮುಖ್ಯ. ನಿನ್ನ ರ‍್ಯಾಂಕಿಗೆ ಸಿಗುವ ಸೀಟುಗಳಲ್ಲಿ ಮೇಲಿರುವುದನ್ನೇ ಕೊಡುತ್ತಾರೆ. ಇಷ್ಟವಿಲ್ಲದ್ದನ್ನು 'ಇರಲಿ' ಅಂತ ನಡುವೆ ತುರುಕಿದರೆ ಅದೇ ಬಂದು ಕೂರುತ್ತದೆ. ಸೀಟು ಬಂದ ಮೇಲೆ ಚಾಯ್ಸ್ ಒಂದು ಅಂದರೆ ಒಪ್ಪಿ ಸೇರಿದಂತೆ. ಎರಡು ಅಂದರೆ ಇದನ್ನು ಹಿಡಿದಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಆದರೆ ಮೇಲಿನದು ಬಂದರೆ ಇದು ತಾನಾಗಿ ಹೋಗುತ್ತದೆ, ವಾಪಸ್ ಕೇಳುವಂತಿಲ್ಲ. ಮೂರು ಬೇಡ, ಇದ್ದ ಸೀಟೂ ಕೈಬಿಡುತ್ತದೆ. ನಾಲ್ಕು ಒತ್ತಿದರೆ ಹೊರಗೆ. ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರ, ಜಾತಿ-ಆದಾಯದ ಆರ್‌ಡಿ ಸಂಖ್ಯೆ ಎಲ್ಲಾ ನೀಲಿ ಫೈಲಿನಲ್ಲಿದೆ.

ಫೋನಿನಲ್ಲಿ ಜೋರು ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಎರಡು ಹೊತ್ತು ಸರಿಯಾಗಿ ಊಟ ಮಾಡು. ಪಟ್ಟಿ ಮಾತ್ರ ನಾನು ತುಂಬಲ್ಲ. ನೀನೇ ಕ್ರಮ ಬರೆದು ನಾಳೆ ರಾತ್ರಿಯೊಳಗೆ ಕಳಿಸು, ಒಂದೊಂದರ ಪಕ್ಕದಲ್ಲೂ ಯಾಕೆ ಅಂತ ಒಂದು ಸಾಲು ಇರಲಿ. ಪರ್ಫ್ಯೂಷನ್ನೇ ಮೊದಲು ಬೇಕು ಅಂತ ಕಾರಣ ಕೊಟ್ಟು ಬರೆದರೆ ನಾನು ಅಡ್ಡ ಬರುವುದಿಲ್ಲ.

ನಿನ್ನ ಅಮ್ಮ