ಏಣಿ ಆನಿಸುವ ಮೊದಲು, ಬಿದ್ದವರನ್ನು ಎತ್ತುವ ಮೊದಲು

ಮಾನ್ಯರೆ,

ಕೊಡಗು, ಚಿಕ್ಕಮಗಳೂರು, ಹಾಸನದ ಮಲೆನಾಡಿನಲ್ಲಿ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಏಣಿಗಳು ಶೆಡ್ಡಿನಿಂದ ಹೊರಬರುತ್ತವೆ. ಮೊದಲು ಕರಿಮೆಣಸು, ಅದರ ಬೆನ್ನಿಗೇ ಮಳೆಗೆ ಮುಂಚಿನ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಈ ಮೂರ್ನಾಲ್ಕು ತಿಂಗಳಲ್ಲಿ ಮರದಿಂದ ಬಿದ್ದವರ, ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂದು ಹೋಗುತ್ತದೆ. ಏಕೆ ಬಿದ್ದರು, ಬಿದ್ದ ಮೇಲೆ ಏನಾಯಿತು ಎಂಬುದು ಅಲ್ಲಿರುವುದಿಲ್ಲ. ತೋಟದಲ್ಲಿ ನಿಂತು ಈ ಕೆಲಸ ಮಾಡಿಸುವ ನಮ್ಮಂಥ ರೈಟರುಗಳಿಗೆ ಎರಡೂ ಗೊತ್ತು. ಏಣಿಯ ಬುಡ, ಏಣಿಯ ತುದಿ, ಮೇಲಿನ ತಂತಿ: ಹೆಚ್ಚಿನ ಅವಘಡಗಳು ಈ ಮೂರರಲ್ಲಿ ಒಂದರಿಂದ. ಬಿದ್ದವರ ಬದುಕು ಮುಂದೆ ಹೇಗಿರುತ್ತದೆ ಎಂಬುದು ಮೊದಲ ಅರ್ಧ ಗಂಟೆಯಲ್ಲಿ ಅವರನ್ನು ಹೇಗೆ ಎತ್ತಿದರು ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಬುಡದ ವಿಷಯ ಮೊದಲು. ಎರಡು ಕಾಲಿನ ಏಣಿ ಮರಕ್ಕೆ ತಾಗುವ ಎತ್ತರದ ನಾಲ್ಕನೇ ಒಂದು ಭಾಗದಷ್ಟು ದೂರದಲ್ಲಿ ಬುಡ ಇರಬೇಕು. 20 ಅಡಿ ಎತ್ತರಕ್ಕೆ ತಾಗಿದರೆ ಬುಡ 5 ಅಡಿ ಆಚೆ. ಟೇಪು ಹಿಡಿದು ಅಳೆಯಬೇಕಾಗಿಲ್ಲ. ಕಾಲ ತುದಿಯನ್ನು ಏಣಿಯ ಬುಡಕ್ಕೆ ತಾಗಿಸಿ ನೆಟ್ಟಗೆ ನಿಂತು, ಕೈಯನ್ನು ಭುಜದ ಮಟ್ಟಕ್ಕೆ ಮುಂದಕ್ಕೆ ಚಾಚಿದಾಗ ಅಂಗೈ ಮೆಟ್ಟಿಲಿಗೆ ತಾಗಿದರೆ ಓರೆ ಸರಿಯಿದೆ. ಇದಕ್ಕಿಂತ ನೆಟ್ಟಗಾದರೆ ಹತ್ತುವವನು ಏಣಿ ಸಮೇತ ಹಿಂದಕ್ಕೆ ಮಗುಚುತ್ತಾನೆ, ಹೆಚ್ಚು ಓರೆಯಾದರೆ ಬುಡ ಜಾರುತ್ತದೆ. ತೋಟದ ನೆಲದ ಮೇಲೆ ತರಗೆಲೆ ಹಾಸಿರುತ್ತದೆ, ಅಡಿಯಲ್ಲಿ ಮೆತ್ತನೆ ಗೊಬ್ಬರ ಮಣ್ಣು. ಎಲೆ ಕೆರೆದು ಗಟ್ಟಿ ನೆಲ ಕಂಡ ಮೇಲೆ ಏಣಿ ಇಡಬೇಕು. ಮಣ್ಣು ಹೂತರೆ ಕೆಳಗೆ ಹಲಗೆ ಕೊಡಬೇಕು. ಇಳಿಜಾರಿನಲ್ಲಿ ತಗ್ಗಿನ ಕಾಲಿಗೆ ಕಲ್ಲು ಕೊಡುವುದು ಎಲ್ಲ ತೋಟಗಳಲ್ಲೂ ಇರುವ ಚಾಳಿ. ಹತ್ತುವವನ ತೂಕ ಒಂದು ಪಕ್ಕಕ್ಕೆ ವಾಲಿದೊಡನೆ ಆ ಕಲ್ಲು ಹೊರಳುತ್ತದೆ. ಎತ್ತರದ ಕಡೆಯ ಮಣ್ಣನ್ನು ಗುದ್ದಲಿಯಿಂದ ಕೆತ್ತಿ ಮಟ್ಟ ಮಾಡುವುದೇ ಸರಿಯಾದ ದಾರಿ. ಎರಡು ನಿಮಿಷದ ಕೆಲಸ.

ಏಣಿಯ ತುದಿಯನ್ನು ಮರಕ್ಕೆ ಕಟ್ಟುವವರೆಗೆ ಕೆಳಗೊಬ್ಬ ಅದರ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು ಎರಡೂ ಕೈಯಲ್ಲಿ ಹಿಡಿದಿರಬೇಕು. ಕಟ್ಟಿದ ಮೇಲೆ ಅವನು ಮರದ ಕೆಳಗಿನಿಂದ ಆಚೆ ಸರಿಯಬೇಕು, ಏಕೆಂದರೆ ಮುಂದೆ ಬೀಳುವುದು ಕತ್ತಿ ಅಥವಾ ಕೊಂಬೆ. ಮೆಣಸು ಕೊಯ್ಯಲು ಬಳಸುವ ಒಂಟಿ ಕಂಬದ ಏಣಿಗೆ ಮೇಲಿನ ನಾಲ್ಕರ ಲೆಕ್ಕ ಹೊಂದುವುದಿಲ್ಲ. ಅದು ಮರಕ್ಕೆ ಒತ್ತಿ ನಿಲ್ಲುವಂಥದ್ದು. ಅದನ್ನು ಒಂದೇ ಕಡೆ ಕಟ್ಟಿದರೆ ಕಂಬ ಮರದ ಸುತ್ತ ತಿರುಗಿ ಮನುಷ್ಯ ಮರದ ಪಕ್ಕಕ್ಕೆ ಜೋತಾಡುತ್ತಾನೆ. ಬುಡದಲ್ಲಿ, ನಡುವೆ, ತುದಿಯಲ್ಲಿ, ಹೀಗೆ ಮೂರು ಕಡೆ ಕಟ್ಟು ಬೇಕು, ಹತ್ತುತ್ತಾ ಹೋದಂತೆ ಕಟ್ಟಿಕೊಳ್ಳಬೇಕು. ಕಟ್ಟು ಕಾಂಡಕ್ಕೆ ಇರಲಿ, ಬಳ್ಳಿಗಲ್ಲ. ದಪ್ಪ ಬಳ್ಳಿ ನೋಡಲು ಗಟ್ಟಿ, ಭಾರ ಬಿದ್ದರೆ ಅದು ಹಬ್ಬಿದ ಸಿಲ್ವರ್ ಓಕ್ ಮರದ ತೊಗಟೆಯಿಂದ ಸೀಳಿಕೊಂಡು ಬರುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದ ಪ್ಲಾಸ್ಟಿಕ್ ಹಗ್ಗವನ್ನು ಬೆರಳಲ್ಲಿ ಹಿಂಡಿ ನೋಡಿ, ಪುಡಿ ಉದುರಿದರೆ ಅದು ಕರು ಕಟ್ಟುವುದಕ್ಕೂ ಬೇಡ.

ಬಿದಿರಿನ ಏಣಿಯಾದರೆ ಗಿಣ್ಣಿನ ಬಳಿಯ ಸೀಳು, ಹುಳು ಕೊರೆದು ಉದುರಿಸಿದ ಹಿಟ್ಟು ನೋಡಬೇಕು. ಬಣ್ಣ ಬಳಿಯಬಾರದು, ಬಣ್ಣದ ಕೆಳಗೆ ಸೀಳು ಕಾಣುವುದಿಲ್ಲ. ಅಲ್ಯೂಮಿನಿಯಂ ಏಣಿಯಲ್ಲಿ ಸೊಟ್ಟಗಾದ ಮೆಟ್ಟಿಲು, ಸಡಿಲ ರಿವೆಟ್, ಸವೆದ ರಬ್ಬರ್ ಬುಶ್. ಸೊಟ್ಟ ಮೆಟ್ಟಿಲನ್ನು ಬಡಿದು ನೆಟ್ಟಗೆ ಮಾಡಿದರೆ ಅದು ಬಡಿದ ಜಾಗದಲ್ಲೇ ಮುಂದೊಂದು ದಿನ ಮುರಿಯುತ್ತದೆ.

ಮರಗಸಿಯಲ್ಲಿ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಏಣಿ ಆನಿಸಿದ ಕೊಂಬೆಯನ್ನೇ ಕಡಿಯುವಷ್ಟು ದಡ್ಡರು ಯಾರೂ ಇಲ್ಲ ಎನ್ನುತ್ತಾರೆ. ಆದರೆ ಆ ಕೊಂಬೆಯ ಹೊರತುದಿಯನ್ನು ಕಡಿಯುವವರು ಎಷ್ಟೋ ಜನ. ತುದಿಯ ಭಾರ ಹೋದೊಡನೆ ಉಳಿದ ಕೊಂಬೆ ಚಿಮ್ಮಿ ಮೇಲೇಳುತ್ತದೆ, ಏಣಿಗೆ ಆಸರೆ ತಪ್ಪುತ್ತದೆ. ಆದ್ದರಿಂದ ಏಣಿ ಕಾಂಡಕ್ಕೇ ಆನಿಸಬೇಕು. ದಪ್ಪ ಕೊಂಬೆಯನ್ನು ಮೂರು ಕಡಿತದಲ್ಲಿ ಇಳಿಸಬೇಕು: ಕಾಂಡದಿಂದ ಒಂದು ಅಡಿ ಆಚೆ ಕೆಳಗಿನಿಂದ ಮೂರನೇ ಒಂದು ಭಾಗ, ಅದಕ್ಕಿಂತ ಎರಡು ಮೂರು ಇಂಚು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟು, ಕಾಂಡದ ಉಬ್ಬಿಗೆ ಗಾಯವಾಗದಂತೆ. ಕೆಳಗಿನ ಕಚ್ಚು ಇಲ್ಲದಿದ್ದರೆ ಕೊಂಬೆ ಸಿಬಿರೆದ್ದು ತೊಗಟೆ ಸಮೇತ ಏಣಿಯ ಮೇಲೇ ಬರುತ್ತದೆ. ಹೊಕ್ಕುಳು ಏಣಿಯ ಎರಡು ಕಂಬಗಳ ಆಚೆ ಹೋಗುವಷ್ಟು ಬಾಗಬೇಕಾಗಿ ಬಂದರೆ ಇಳಿದು ಏಣಿ ಸರಿಸಬೇಕು. ತುಂಬಿದ ಮೆಣಸಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಇಳಿಯುವುದೂ ಬೇಡ, ಹಗ್ಗದಲ್ಲಿ ಇಳಿಬಿಡಿ.

ಇನ್ನು ತಂತಿ. ನಿಯಮದ ಪ್ರಕಾರ ರಸ್ತೆಯಲ್ಲದ ಕಡೆ 11 ಕೆವಿ (11,000 ವೋಲ್ಟ್) ತೆರೆದ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿದ್ದರೆ ಸಾಕು. ಅಂದರೆ 15 ಅಡಿ. 20 ಅಡಿ ಏಣಿಯನ್ನು ನೆಟ್ಟಗೆ ಎತ್ತಿದರೆ ತಂತಿಯನ್ನು ದಾಟಿ 5 ಅಡಿ ಮೇಲೆ ಹೋಗುತ್ತದೆ. ನಿಯಮ ಮೀರದ ಲೈನಿನ ಕೆಳಗೇ ಸಾವು ಕಾದಿರುತ್ತದೆ. ಬಿರುಬಿಸಿಲಿನ ಮಧ್ಯಾಹ್ನ ತಂತಿ ಇನ್ನಷ್ಟು ಜೋಲುತ್ತದೆ. ಈ ಅವಘಡಗಳಲ್ಲಿ ಅನೇಕವು ಮರದ ಮೇಲೆ ಆಗುವುದಿಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನಿಲ್ಲಿಸಿಕೊಂಡೇ ಹೊತ್ತು ನಡೆಯುವಾಗ ಆಗುತ್ತವೆ. ಮಲಗಿಸಿಯೇ ಹೊರಬೇಕು, ಇಬ್ಬರು. ತಂತಿಯಿಂದ 10 ಅಡಿ ಒಳಗೆ ಏಣಿ, ದೋಟಿ, ಹಸಿ ಕೊಂಬೆ ಯಾವುದೂ ಹೋಗಬಾರದು. ಈ ವೋಲ್ಟೇಜು ತಗುಲದಿದ್ದರೂ ಹತ್ತಿರಕ್ಕೆ ಹೋದರೆ ಹಾರುತ್ತದೆ. ಲೈನಿಗೆ ತಾಗಿದ ಮರಗಳಿದ್ದರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಂಡು, ಲೈನ್‌ಮನ್ ಬಂದು ಕರೆಂಟು ತೆಗೆದಿದ್ದನ್ನು ಕಣ್ಣಾರೆ ನೋಡಿ ಕೆಲಸಕ್ಕೆ ಇಳಿಯಬೇಕು. ಪವರ್ ಕಟ್ ಸಮಯ ನೋಡಿಕೊಂಡು ಕಡಿಯುವುದು ಶುದ್ಧ ಹುಚ್ಚುತನ.

ಅಲ್ಯೂಮಿನಿಯಂ ಬದಲು ಫೈಬರ್‌ಗ್ಲಾಸ್ ಏಣಿ ಬಳಸಿ ಎಂಬ ಸಲಹೆ ಸರಿಯಾದದ್ದೇ. ಒಣಗಿ ಸ್ವಚ್ಛವಾಗಿದ್ದರೆ ಅದರಲ್ಲಿ ಕರೆಂಟು ಹರಿಯುವುದಿಲ್ಲ. ಬೆಲೆ ಜಾಸ್ತಿ, ತೂಕವೂ ಜಾಸ್ತಿ. ಆದರೆ ಇದೇ ಮಾತನ್ನು ಕಾರ್ಬನ್ ಫೈಬರ್ ದೋಟಿಗೂ ಅನ್ವಯಿಸಿ ಧೈರ್ಯವಾಗಿರುವವರು ಬಹಳ ಮಂದಿ ಇದ್ದಾರೆ. ಇದು ದೊಡ್ಡ ತಪ್ಪು. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಅಡಿಕೆ ತೋಟದವರೂ ಇದನ್ನು ಗಮನಿಸಬೇಕು.

ಯಾರಾದರೂ ತಂತಿಗೆ ಸಿಕ್ಕಿಕೊಂಡರೆ ಒಣ ಕೋಲಿನಿಂದ ಬಿಡಿಸಿ ಎಂಬ ಹಳೆಯ ಪಾಠ ಮನೆಯ ಕರೆಂಟಿಗೆ ಮಾತ್ರ. 11 ಕೆವಿ ಮುಂದೆ ಆ ಕೋಲನ್ನು ನಂಬುವಂತಿಲ್ಲ, ಬಿಡಿಸಲು ಹೋದವನೂ ಸಾಯುತ್ತಾನೆ. ಲೈನ್ ಆಫ್ ಆಗುವವರೆಗೆ ದೂರ ನಿಲ್ಲುವುದೊಂದೇ ದಾರಿ. ಆಫ್ ಆದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಎರಡು ಇಂಚು ಇಳಿಯುವಂತೆ ಒತ್ತುತ್ತಿರಬೇಕು. ಶಾಕ್ ಹೊಡೆದು ಎದ್ದು ಕೂತವನನ್ನೂ ಇಸಿಜಿಗೆ ಕರೆದೊಯ್ಯಬೇಕು.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬೀಳುವವನ ಸೊಂಟವನ್ನೇ ಮುರಿಯುತ್ತದೆ. ಐಎಸ್ (ಭಾರತೀಯ ಮಾನಕ) 3521 ಗುರುತಿನ ಪೂರ್ತಿ ಮೈಯ ಹಾರ್ನೆಸ್, ಗದ್ದಕ್ಕೆ ಪಟ್ಟಿಯಿರುವ ಐಎಸ್ 2925 ಹೆಲ್ಮೆಟ್ ತೆಗೆದುಕೊಳ್ಳಿ. ಹಾರ್ನೆಸ್‌ನಲ್ಲಿ ನೇತಾಡುತ್ತಿರುವವನನ್ನು ಕೆಲವೇ ನಿಮಿಷದಲ್ಲಿ ಇಳಿಸದಿದ್ದರೆ ಕಾಲಿನಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪುತ್ತದೆ. ಹಾಗಾಗಿ ಪಕ್ಕದಲ್ಲಿ ಎರಡನೇ ಏಣಿ, ಇನ್ನೊಬ್ಬ ಹತ್ತುವವನು ಇಲ್ಲದೆ ಕೆಲಸ ಶುರು ಮಾಡಬಾರದು.

ಬಿದ್ದ ಕೂಡಲೇ ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿನ ಹಿಂದೆ ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಬೆನ್ನುಮೂಳೆ ಬರೀ ಬಿರುಕು ಬಿಟ್ಟಿದ್ದರೆ, ಆ ಎತ್ತುವಿಕೆಯಲ್ಲಿ ಮಡಚಿ ನರಕ್ಕೆ ಒತ್ತಿ ಕಾಲಿನ ಸ್ವಾಧೀನ ಹೋಗಬಹುದು. 108 ಬರುವಂತಿದ್ದರೆ ಅಲುಗಿಸದೆ ಕಾಯಬೇಕು, ತಲೆಯ ಎರಡೂ ಪಕ್ಕ ಕೈಯಿಟ್ಟು. ಆಂಬುಲೆನ್ಸ್ ತೋಟದೊಳಗೆ ಬಾರದಿದ್ದರೆ ಹಲಗೆ ಅಥವಾ ಶೆಡ್ಡಿನ ಬಾಗಿಲು ತರಿಸಿ. ಒಬ್ಬ ತಲೆ ಹಿಡಿದು ಲೆಕ್ಕ ಹೇಳಬೇಕು, ಮೂವರು ಒಂದೇ ಪಕ್ಕದಲ್ಲಿ ಮಂಡಿಯೂರಿ ಭುಜ, ಸೊಂಟ, ಮೊಣಕಾಲು ಒಟ್ಟಿಗೇ ಹೊರಳಿಸಬೇಕು, ಇನ್ನೊಬ್ಬ ಹಲಗೆ ತಳ್ಳಬೇಕು. ಕುತ್ತಿಗೆಯ ಅಕ್ಕಪಕ್ಕ ಸುರುಳಿ ಸುತ್ತಿದ ಕಂಬಳಿ, ಎದೆ, ಸೊಂಟ, ತೊಡೆಗೆ ಪಂಚೆಯ ಕಟ್ಟು. ನೀರು, ಕಾಫಿ, ಬ್ರಾಂದಿ ಯಾವುದೂ ಬಾಯಿಗೆ ಬೇಡ. ಆಪರೇಷನ್ ಆಗಬೇಕಾದರೆ ತೊಂದರೆ.

ಕಾಲೂರಿ ಬಿದ್ದವನ ಹಿಮ್ಮಡಿ ಮುರಿದಿದ್ದರೆ ಸೊಂಟದ ಮಟ್ಟದ ಬೆನ್ನುಮೂಳೆಯೂ ಕುಸಿದಿರಬಹುದು. ಎರಡಕ್ಕೂ ಎಕ್ಸ್‌ರೇ ಕೇಳಿ ತೆಗೆಸಿ. ಎಡಪಕ್ಕೆಗೆ ಪೆಟ್ಟಾಗಿ ಎಡಭುಜದ ತುದಿ ನೋಯುತ್ತಿದ್ದರೆ ಹೊಟ್ಟೆಯೊಳಗೆ ಗುಲ್ಮ (ಸ್ಪ್ಲೀನ್) ಒಡೆದು ರಕ್ತ ಸೋರುತ್ತಿರಬಹುದು. ತಲೆಗೆ ಪೆಟ್ಟಾದವನು ಮನೆಗೆ ಬಂದ ಮೇಲೂ ಎರಡು ದಿನ ವಾಂತಿ, ಅತಿ ನಿದ್ದೆ, ಮಾತಿನ ತೊದಲು ಕಂಡರೆ ಮತ್ತೆ ಆಸ್ಪತ್ರೆಗೆ ಓಡಬೇಕು.

ನಾಟಿ ಕಟ್ಟಿನ ಬಗ್ಗೆ ಜಗಳ ಬೇಡ, ಒಂದು ಎಚ್ಚರ ಸಾಕು. ಯಾವ ಕಟ್ಟೇ ಇರಲಿ, ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ, ಜೋಮು ಹಿಡಿದರೆ, ಬೆರಳನ್ನು ಹಿಂದಕ್ಕೆ ಎಳೆದಾಗ ಪ್ರಾಣ ಹೋಗುವಷ್ಟು ನೋವಾದರೆ ಅದೇ ಗಂಟೆಯಲ್ಲಿ ಕಟ್ಟು ಬಿಚ್ಚಿಸಬೇಕು. ಬೆಳಗಾಗಲಿ ಎಂದು ಕಾದರೆ ಕೈಯೋ ಕಾಲೋ ಹೋಗುತ್ತದೆ.

ಗುಣವಾಗುವ ಲೆಕ್ಕವನ್ನು ಮನೆಯವರಿಗೆ ಮೊದಲೇ ಹೇಳಬೇಕು. ಮಣಿಕಟ್ಟು ಕೂಡಲು ಸುಮಾರು 6 ವಾರ, ಹಿಡಿತ ಬರಲು ಮತ್ತೆ ಅಷ್ಟೇ. ಹಿಮ್ಮಡಿಯಾದರೆ 6ರಿಂದ 12 ವಾರ ಕಾಲೂರುವಂತಿಲ್ಲ. ಮೊಣಕಾಲ ಕೆಳಗಿನ ದೊಡ್ಡ ಮೂಳೆಗೆ ನಾಲ್ಕು ತಿಂಗಳು, ಕೆಲವೊಮ್ಮೆ ಹೆಚ್ಚು. ನರಕ್ಕೆ ಪೆಟ್ಟಾಗದ ಬೆನ್ನುಮೂಳೆಗೆ ಮೂರು ತಿಂಗಳ ಆಸುಪಾಸು. ಬೀಡಿ, ಹೊಗೆಸೊಪ್ಪು ಮೂಳೆ ಕೂಡುವುದನ್ನು ತಡಮಾಡುತ್ತವೆ. ಮಲಗಿದವರ ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿದೆ ಎಂದೇ ತಿಳಿಯಬೇಕು. ಸ್ವಾಧೀನ ತಪ್ಪಿದವರನ್ನು ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಹುಣ್ಣು ಬೀಳುತ್ತದೆ, ಕೀವಾಗಿ ಜೀವಕ್ಕೇ ಬರುತ್ತದೆ.

ಪ್ಲಾಸ್ಟರ್ ತೆಗೆದ ವಾರಕ್ಕೇ ಏಣಿ ಹತ್ತಿಸುವುದು ಎರಡನೇ ಬೀಳುವಿಕೆಗೆ ದಾರಿ. ವೈದ್ಯರು ಹತ್ತಬಹುದೆಂದ ಮೇಲೂ, ಪೆಟ್ಟಾದ ಕಾಲೊಂದರಲ್ಲೇ 30 ಸೆಕೆಂಡ್ ನಿಲ್ಲಲು ಆಗುತ್ತದೆಯೇ, ಅದೇ ಕಾಲಿನ ತುದಿಬೆರಳ ಮೇಲೆ ಹತ್ತು ಸಲ ಏಳಲು ಆಗುತ್ತದೆಯೇ, ಕುಕ್ಕರುಗಾಲಲ್ಲಿ ಕೂತು ಕೈಯೂರದೆ ಏಳಬಹುದೇ ನೋಡಿ. ಇಲ್ಲವಾದರೆ ಕಣದ ಕೆಲಸ, ಉದುರಿದ ಮೆಣಸು ಹೆಕ್ಕುವ ಕೆಲಸ ಕೊಡಿ. ಆಮೇಲೆ ಐದಾರು ಮೆಟ್ಟಿಲಿನ ಎತ್ತರದಲ್ಲಿ ಕೆಲವು ದಿನ. ಮೇಲೆ ಹೋದಾಗ ಕೈ ನಡುಗಿ ಬೆವರುವವರನ್ನು ಹೇಡಿ ಎಂದು ಗೇಲಿ ಮಾಡಬಾರದು, ಧೈರ್ಯಕ್ಕೆಂದು ಕುಡಿಸಲೂಬಾರದು.

ಕೊನೆಗೆ ದುಡ್ಡು. ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಜಾರಿ ಬಿದ್ದ’ ಎಂದು ಬರೆಸುವುದು ಮಾಮೂಲಾಗಿದೆ, ಪೊಲೀಸ್ ಗೋಜು ಬೇಡವೆಂದು. ಆ ಒಂದು ಸಾಲು ಮುಂದಿನ ಎಲ್ಲ ಪರಿಹಾರಕ್ಕೂ ಕಲ್ಲು ಹಾಕುತ್ತದೆ. ಕೆಲಸದಲ್ಲಿ ಬಿದ್ದದ್ದೆಂದೇ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಆಗಲಿ. ಕಾಫಿ ತೋಟದ ಕೆಲಸಗಾರರು 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಇದ್ದವರು. ಆ ಪರಿಹಾರದ ಭಾಗ ಈಗ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗಿದೆ. ತಾತ್ಕಾಲಿಕವಾಗಿ ಕೆಲಸ ಮಾಡಲಾಗದವರಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ 25. ತಿಂಗಳಿಗೆ 12,000 ರೂಪಾಯಿ ದುಡಿಯುವವರಿಗೆ ಹೀಗೆ ಸಲಕ್ಕೆ 3,000ದಂತೆ ತಿಂಗಳಿಗೆ 6,000 ಬರುತ್ತದೆ. ಚಿಕಿತ್ಸೆಯ ಖರ್ಚು ಬೇರೆ. ‘ಮರಗಸಿ ಗುತ್ತಿಗೆಗೆ ಕೊಟ್ಟಿದ್ದೆ’ ಎಂದು ತೋಟದ ಮಾಲೀಕರು ಕೈ ತೊಳೆದುಕೊಳ್ಳುವಂತಿಲ್ಲ. ಆದರೆ ಕುಡಿದದ್ದರಿಂದಲೇ ಬಿದ್ದಿದ್ದರೆ, ಸಾವು ಮತ್ತು ಪೂರ್ಣ ಶಾಶ್ವತ ಊನ ಬಿಟ್ಟು ಉಳಿದದ್ದಕ್ಕೆ ಹಕ್ಕು ತಪ್ಪುತ್ತದೆ. ಇದರ ಜೊತೆಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ (ಬ್ಯಾಂಕ್ ಖಾತೆಯ ಮೂಲಕದ ಅಪಘಾತ ವಿಮೆ) ಇದೆ: ಸಾವಿಗೆ, ಪೂರ್ಣ ಊನಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಊನಕ್ಕೆ 1 ಲಕ್ಷ. ಬರೀ ಮೂಳೆ ಮುರಿದು ಕೂಡಿದರೆ ಅದರಿಂದ ಏನೂ ಸಿಗದು. ಹಣ ಕಡಿತವಾಗುವುದು ಮೇ ಕೊನೆಗೆ, ಸರಿಯಾಗಿ ಮರಗಸಿಯ ಸಮಯಕ್ಕೆ. ಖಾತೆಯಲ್ಲಿ ಆ 20 ರೂಪಾಯಿ ಇರುವಂತೆ ರೈಟರು ನೋಡಿಕೊಳ್ಳಬಹುದು.

ಬೆಳೆಗಾರರ ಸಂಘಗಳು ಏಣಿ ಹೊರಬರುವ ಮೊದಲೇ ಹೋಬಳಿಗೆ ಒಂದೆರಡು ಫೈಬರ್‌ಗ್ಲಾಸ್ ಏಣಿ ಕೊಂಡು ಸಣ್ಣ ತೋಟದವರಿಗೆ ಬಾಡಿಗೆಗೆ ಕೊಡಲಿ. ಪ್ರತಿ ಶೆಡ್ಡಿನಲ್ಲಿ ಆರಡಿಯ ಹಲಗೆಯೊಂದು, ಮೂರು ಪಟ್ಟಿ, ಒಂದು ಕಂಬಳಿ ಇರಲಿ. ವಿದ್ಯುತ್ ಕಂಪನಿಗಳು ತೋಟದೊಳಗೆ ಹಾದುಹೋಗುವ 11 ಕೆವಿ ಲೈನುಗಳ ಜೋಲನ್ನು ಫೆಬ್ರವರಿಯೊಳಗೆ ಬಿಗಿ ಮಾಡಿಸಲಿ.

– ಕಾಫಿ ತೋಟದ ರೈಟರುಗಳು, ಸೋಮವಾರಪೇಟೆ ತಾಲ್ಲೂಕು