ಪೂಕ್ಕೊ ಚಾಕುವಿನ ಹಿಡಿ ಸಡಿಲ, ಬರೆದ ಅನಿಸಿಕೆ ಮಾಯ: ಒಂದು ದೂರು

ಎಸ್ಪೂ, ಫಿನ್ಲೆಂಡ್

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಫೋನಿನಲ್ಲಿ ಸಿಕ್ಕ ನಿಮ್ಮ ಸಿಬ್ಬಂದಿ ಹಾಸನದ ಕಡೆಯವರಂತೆ. "ಎಲ್ಲಾ ವಿವರವಾಗಿ ಕನ್ನಡದಲ್ಲೇ ಬರೆದು ಕಳಿಸಿ ಸರ್, ಮ್ಯಾನೇಜರ್‌ಗೆ ನಾನು ಹೇಳ್ತೀನಿ" ಅಂದರು. ಅದಕ್ಕೇ ಈ ಪತ್ರ. ಹಿಂದೆ ಫಿನ್ನಿಶ್‌ನಲ್ಲಿ ಬರೆದದ್ದಕ್ಕೆಲ್ಲ ಬಂದದ್ದು ಒಂದೇ ರೆಡಿಮೇಡ್ ಉತ್ತರ.

ನಿಮ್ಮಲ್ಲಿ 149 ಯೂರೋ ಕೊಟ್ಟು ಒಂದು ಪೂಕ್ಕೊ, ಅಂದರೆ ಇಲ್ಲಿನವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಾಂಪ್ರದಾಯಿಕ ಫಿನ್ನಿಶ್ ಚಾಕು, ತರಿಸಿಕೊಂಡೆ. ಕುಲುಮೆಯಲ್ಲಿ ಬಡಿದ ಕಾರ್ಬನ್ ಸ್ಟೀಲ್ ಅಲಗು, ಬರ್ಚ್ ಮರದ ಹಿಡಿ. ಅಲಗಿನ ಬಾಲ (ಹಿಡಿಯೊಳಗೆ ಹೋಗುವ ಉಕ್ಕಿನ ಭಾಗ) ಹಿಡಿಯ ಉದ್ದಕ್ಕೂ ಹಾದು ಬಂದಿದೆ, ಹಿಂದುಗಡೆ ಹಿತ್ತಾಳೆ ಬಿಲ್ಲೆಯ ಮೇಲೆ ಅದರ ತುದಿಯನ್ನು ಬಡಿದು ಕೂರಿಸಿದೆ ಎಂದು ನಿಮ್ಮ ಪುಟದಲ್ಲೇ ಬರೆದಿತ್ತು. ನಾನು ಆರಿಸಿಕೊಂಡದ್ದೂ ಆ ಒಂದು ಮಾತು ನೋಡಿಯೇ.

ನೂಕ್ಸಿಯೊ ಕಾಡಿನಲ್ಲಿ, ಬೆಂಕಿ ಹಾಕಲು ಅನುಮತಿ ಇರುವ ಜಾಗದಲ್ಲಿ ಕೂತು ಒಣ ಸೌದೆಯ ಚಕ್ಕೆ ಹೆರೆಯುತ್ತಿದ್ದೆ. ಹೆಬ್ಬೆರಳ ಕೆಳಗೆ ಹಿಡಿ ಸಣ್ಣಗೆ ಅಲುಗಿದ ಹಾಗಾಯಿತು. ನೋಡಿದರೆ ಅಲಗೂ ಮರವೂ ಸೇರುವಲ್ಲಿ ಉಗುರು ತೂರುವಷ್ಟು ಸಂದಿ. ಮನೆಗೆ ಬಂದು ಒರೆಸುವಾಗ ಹಿಂದಿನ ಹಿತ್ತಾಳೆ ಬಿಲ್ಲೆ ಕೈಗೇ ಬಂತು. ಅದರ ಹಿಂದೆ ಬಾಲದ ತುದಿ ಇರಬೇಕಿತ್ತಲ್ವಾ? ಇದ್ದದ್ದು ಅಂಟಿನ ಕರಿ ಕಲೆ, ಅದರಾಚೆ ಬರೀ ಮರ. ಬಿಲ್ಲೆಯ ನಡುವಿನ ಆ ಗುಂಡನೆಯ ಉಬ್ಬು ಸುಮ್ನೆ ಚಂದಕ್ಕೆ ಮಾಡಿದ್ದು. ಬಾಲ ಹಿಡಿಯ ಅರ್ಧಕ್ಕೇ ಮುಗಿದಿದೆ. ಫೋಟೋ ಲಗತ್ತಿಸಿದ್ದೇನೆ.

ಬಾಲ ಗಿಡ್ಡ ಇದ್ದು ಅಂಟು ಹಾಕಿ ಕೂರಿಸಿದ ಪೂಕ್ಕೊಗಳೂ ಇವೆ, ಗೊತ್ತು. ಚೆನ್ನಾಗಿ ಕೂರಿಸಿದರೆ ವರ್ಷಗಟ್ಟಲೆ ಅಲುಗುವುದಿಲ್ಲ. ಆದರೆ ನೀವು ಹೇಳಿ ಮಾರಿದ್ದು ಒಂದು, ಕಳಿಸಿದ್ದು ಇನ್ನೊಂದು. ನನ್ನ ತಕರಾರು ಇಷ್ಟೇ.

ಇನ್ನು ನಿಮ್ಮ ಉತ್ತರ. "ಕಾರ್ಬನ್ ಸ್ಟೀಲ್ ಕಪ್ಪಾಗುವುದು ಸಹಜ" ಎಂದಿದ್ದೀರಿ. ಕಪ್ಪಾಯಿತು ಎಂದು ನಾನು ಎಲ್ಲಿ ದೂರಿದೆ? ಸೇಬು ಹೆಚ್ಚಿದರೆ, ಮೀನು ಸೀಳಿದರೆ ಅಲಗು ಬೂದು ಬಣ್ಣಕ್ಕೆ ತಿರುಗುತ್ತದೆ, ಒರೆಸಿ ಎಣ್ಣೆ ಸವರಿಟ್ಟರೆ ತುಕ್ಕು ಹಿಡಿಯುವುದಿಲ್ಲ. ಇಲ್ಲಿ ಪೂಕ್ಕೊ ಇಟ್ಟುಕೊಂಡವರೆಲ್ಲ ಮೊದಲು ಹೇಳಿಕೊಡುವುದೇ ಇದನ್ನು. ಬೆರಳು ಅಲಗಿನ ಕಡೆ ಜಾರದಂತೆ ಹಿಡಿಯ ಮುಂದೆ ತಡೆ ಇಲ್ಲ ಎಂದೂ ನಾನು ಗೊಣಗಿಲ್ಲ. ಒದ್ದೆ ಕೈಯಲ್ಲಿ ಜಾರೀತು ಎಂದು ಕೆಲವರು ಹೆದರುತ್ತಾರೆ, ಕೆತ್ತನೆಗೆ ತಡೆ ಇಲ್ಲದ್ದೇ ವಾಸಿ ಎಂದು ಹಳಬರು ವಾದಿಸುತ್ತಾರೆ. ನಾನು ಹಳಬರ ಕಡೆ. ಚಳಿಗಾಲದಲ್ಲಿ ಮರದ ಹಿಡಿ ಕೈಗೆ ಕೊರೆಯುವುದಿಲ್ಲ. ಅಂಚಿನ ಇಳಿಜಾರು ಅಗಲ ಇರುವುದರಿಂದ ಅದನ್ನೇ ಕಲ್ಲಿನ ಮೇಲೆ ಮಟ್ಟವಾಗಿಟ್ಟು ಮಸೆಯಬಹುದು, ಓರೆ ಎಷ್ಟಿರಬೇಕೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಷ್ಟೆಲ್ಲ ಹಿಡಿಸಿದ್ದಕ್ಕೇ ಕೊಂಡದ್ದು.

"ಅಲಗಿನ ಬೆನ್ನಿಗೆ ಕೊರಡಿನಿಂದ ಹೊಡೆದು ಸೌದೆ ಸೀಳಿದರೆ ವಾರಂಟಿ ಇಲ್ಲ" ಎಂಬುದು ನಿಮ್ಮ ಇನ್ನೊಂದು ಮಾತು. ನಾನು ಹೊಡೆದಿಲ್ಲ. ಆದರೆ ನಿಮ್ಮ ಪುಟದಲ್ಲಿ ಈ ಚಾಕುವಿನ ಮೂರನೇ ಫೋಟೋ ಒಮ್ಮೆ ನೋಡಿ. ಗಡ್ಡದವನೊಬ್ಬ ಇದೇ ಚಾಕುವನ್ನು ಸೌದೆಗೆ ಸಿಕ್ಕಿಸಿ, ಕೊರಡೆತ್ತಿ ಬಾರಿಸುತ್ತಿದ್ದಾನೆ! ಅವನಿಗೂ ವಾರಂಟಿ ಇಲ್ಲವೇ?

ಒರೆಯದು ಇನ್ನೂ ಜಾಸ್ತಿ ಚಿಂತೆ. ಪೂಕ್ಕೊದ ಚರ್ಮದ ಒರೆಯೊಳಗೆ ಅಲಗು ಕೂರುವ ಕಡೆ ಮರದ್ದೋ ಪ್ಲಾಸ್ಟಿಕ್ಕಿನದೋ ಗೂಡು ಇರುತ್ತದೆ. ಇದರಲ್ಲಿ ಅದೇ ಇಲ್ಲ. ತುದಿ ಹೊಲಿಗೆ ಕತ್ತರಿಸಿಕೊಂಡು ಹೊರಗೆ ಇಣುಕುತ್ತಿದೆ. ಸೊಂಟಕ್ಕೆ ನೇತು ಹಾಕಿಕೊಂಡು ಬಂಡೆಯ ಮೇಲೆ ಕೂತರೆ ತೊಡೆಯ ಗತಿ ಏನು?

ಇದನ್ನೆಲ್ಲ ನಿಮ್ಮ ಪುಟದಲ್ಲೇ ಬರೆದು ಎರಡು ನಕ್ಷತ್ರ ಕೊಟ್ಟಿದ್ದೆ. ಬೈಗುಳ ಒಂದೂ ಇರಲಿಲ್ಲ, ಅಲಗು ಹರಿತವಾಗಿದೆ ಎಂದು ಹೊಗಳಿಯೂ ಇದ್ದೆ. ಮರುದಿನ ಅದು ಅಲ್ಲಿರಲಿಲ್ಲ. ಈಗ ಆ ಪುಟದಲ್ಲಿ ಬರೀ ಐದು ನಕ್ಷತ್ರ, "ಸೂಪರ್", "ಗಿಫ್ಟ್‌ಗೆ ಬೆಸ್ಟ್". ಕಾಡಿಗೆ ಒಯ್ದು ಬಳಸಿದವರ ಮಾತು ಒಂದೂ ಇಲ್ಲ. ಒಳ್ಳೆಯದನ್ನಷ್ಟೇ ಉಳಿಸಿಕೊಂಡು ಗ್ರಾಹಕರ ಅನಿಸಿಕೆಗಳನ್ನು ತಿರುಚಿ ತೋರಿಸುವುದು ಯುರೋಪಿಯನ್ ಒಕ್ಕೂಟದ ನಿಯಮಕ್ಕೆ ವಿರುದ್ಧ. 2019ರ ನಿರ್ದೇಶನ ಬಂದ ಮೇಲೆ ಇದು ನಿಮಗೆ ಹೊಸ ವಿಷಯವೇನಲ್ಲ.

14 ದಿನದ ವಾಪಸಾತಿ ಗಡುವು ಮುಗಿದಿದೆ ಎಂದಿರಿ. ಅದು ಮನಸ್ಸು ಬದಲಿಸಿದವರಿಗೆ. ಇದು ದೋಷದ ಮಾತು. ಸರಕು ಕೈಗೆ ಬಂದ ಒಂದು ವರ್ಷದೊಳಗೆ ಕಂಡ ದೋಷ ಮೊದಲೇ ಇತ್ತು ಎಂದೇ ಇಲ್ಲಿನ ಗ್ರಾಹಕ ರಕ್ಷಣಾ ಕಾನೂನು ಎಣಿಸುತ್ತದೆ. ಅಲ್ಲ ಎನ್ನುವುದಾದರೆ ತೋರಿಸಿಕೊಡಬೇಕಾದವರು ನೀವು.

ಪುಟದಲ್ಲಿ ಹೇಳಿದಂತೆಯೇ ಇರುವ ಚಾಕು, ಗೂಡಿರುವ ಒರೆ ಕಳಿಸಿ. ಆಗದಿದ್ದರೆ 149 ಯೂರೋ ವಾಪಸ್ ಹಾಕಿ. ಎರಡರಲ್ಲಿ ಯಾವುದಾದರೂ ಸರಿ, ಈ ಚಾಕು ವಾಪಸ್ ಕಳಿಸುವ ಅಂಚೆ ಖರ್ಚು ನಿಮ್ಮದೇ. ಪುಟದಲ್ಲಿನ ವಿವರ ತಿದ್ದಿ, ನನ್ನ ಅನಿಸಿಕೆ ಇದ್ದ ಹಾಗೇ ಮತ್ತೆ ಹಾಕಿ. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕ ಸಲಹಾ ಸೇವೆಗೆ, ಅಲ್ಲಿಂದ ಗ್ರಾಹಕ ವಿವಾದ ಮಂಡಳಿಗೆ ಹೋಗುತ್ತೇನೆ. ಅಲ್ಲಿ ಶುಲ್ಕವೂ ಇಲ್ಲ.

ಚಾಕು, ಕಳಚಿದ ಬಿಲ್ಲೆ, ಒರೆ ಎಲ್ಲವನ್ನೂ ಬಂದ ಡಬ್ಬದಲ್ಲೇ ಇಟ್ಟಿದ್ದೇನೆ. ಅಂಚೆ ಚೀಟಿ ಕಳಿಸಿದರೆ ಮರುದಿನವೇ ರವಾನಿಸುತ್ತೇನೆ. ಒರೆ ತೂತಾಗಿರುವುದರಿಂದ ತುದಿಗೆ ರಟ್ಟು ಸುತ್ತಿರುತ್ತೇನೆ, ಬಿಚ್ಚುವವರಿಗೆ ಹೇಳಿಡಿ.

ಇಂತಿ,
ನಿಮ್ಮ ಗ್ರಾಹಕ
(ಆರ್ಡರ್ ಸಂಖ್ಯೆ ಇಮೇಲ್‌ನ ವಿಷಯದ ಸಾಲಿನಲ್ಲಿದೆ)