ನಾಲೆಯ ಒಂದು ಏರಿ ಸೈಕಲ್ಲಿಗಿರಲಿ: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೆ,

ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಹೊಸ ರಸ್ತೆ ಮಾಡಿಕೊಡಿ ಎಂದು ನಾವು ಕೇಳುತ್ತಿಲ್ಲ. ನಾವು ಕೇಳುತ್ತಿರುವುದು ಗೇಟು. ನಾಲೆಗೆ ಎರಡು ಏರಿ ಇರುವ ಕಡೆ ಒಂದನ್ನು, ಸದ್ಯಕ್ಕೆ ಹತ್ತು ಕಿಲೋಮೀಟರ್ ಉದ್ದಕ್ಕೆ, ಕಾರು, ಬಸ್ಸು, ಟಿಪ್ಪರ್ ನುಗ್ಗದಂತೆ ಮುಚ್ಚಿ ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಡಿ. ಉಳಿದ ಕೆಲಸವೆಲ್ಲ ಅದಾದ ಮೇಲಿನದು.

ಈಗ ಯಾಕೆ ಎಂದರೆ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಅದು ಸರಿಯಾದ ತೀರ್ಮಾನವೇ. ಆದರೆ ಹೊರಹಾಕಿದವರಿಗೆ ಸಿಕ್ಕಿದ್ದು ಸರ್ವೀಸ್ ರಸ್ತೆ. ಅಲ್ಲಿ ಕಬ್ಬಿನ ಟ್ರ್ಯಾಕ್ಟರ್, ಎದುರಿಂದ ಬರುವ ಬೈಕು, ಶಾಲೆ ಮಕ್ಕಳು ಎಲ್ಲರೂ ಒಟ್ಟಿಗೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಲು ಶುರುಮಾಡಿತು. ಸೈಕಲ್ ಕೊಟ್ಟವರು ಅದು ಓಡುವ ಜಾಗದ ಬಗ್ಗೆ ಮಾತ್ರ ಯೋಚಿಸಲಿಲ್ಲ.

ನಾಲೆ ಬದಿಯ ರಸ್ತೆಗಳಲ್ಲಿ ಮೋಟಾರು ವಾಹನ ಓಡಿಸುವುದರ ಅಪಾಯವನ್ನು ತಮಗೆ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ಇದೇ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಅಂಥ ದುರಂತವಾದಾಗಲೆಲ್ಲ ತಡೆಗೋಡೆಯ ಬೇಡಿಕೆ ಏಳುತ್ತದೆ. ತಡೆಗೋಡೆ ಬೇಕು, ನಿಜ. ಆದರೆ ಅಡ್ಡದಾರಿ ಎಂದು ಏರಿ ಹತ್ತುವ ವಾಹನಗಳಿಗೆ ಬೇರೆ ರಸ್ತೆ ಇರುವ ಕಡೆಯಾದರೂ ಅವು ಏರಿ ಹತ್ತದಂತೆ ಮಾಡುವುದು ಗೋಡೆಗಿಂತ ಅಗ್ಗ.

ಇಂಥ ದಾರಿಗಳಲ್ಲಿ ಅರವತ್ತು ವರ್ಷದ ಅನುಭವ ಇರುವುದು ಅಮೆರಿಕದ ಮಧ್ಯ ರಾಜ್ಯಗಳಿಗೆ. ಅಲ್ಲಿ ನಾಲೆ ಏರಿಯ ಬದಲು ನಿಂತುಹೋದ ರೈಲುಮಾರ್ಗ. ಷಿಕಾಗೊದಿಂದ ಪಶ್ಚಿಮಕ್ಕೆ ಹೋಗುತ್ತಿದ್ದ ಒಂದು ವಿದ್ಯುತ್ ರೈಲು 1957ರಲ್ಲಿ ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿತು. 1963ರ ಸೆಪ್ಟೆಂಬರಿನಲ್ಲಿ ಮೇ ಥೀಲ್ಗಾರ್ಡ್ ವಾಟ್ಸ್ ಎಂಬ ನಿಸರ್ಗತಜ್ಞೆ ಆ ಜಾಗವನ್ನು ಕಾಲುದಾರಿಯಾಗಿ ಉಳಿಸಿಕೊಳ್ಳೋಣ ಎಂದು 'ಷಿಕಾಗೊ ಟ್ರಿಬ್ಯೂನ್' ಪತ್ರಿಕೆಗೆ ಪತ್ರ ಬರೆದರು. ಇವತ್ತಿನ ಇಲಿನಾಯ್ ಪ್ರೇರಿ ಪಾತ್ ಹುಟ್ಟಿದ್ದು ಹಾಗೆ. ಉದ್ದ ಸುಮಾರು 98 ಕಿಲೋಮೀಟರ್. ಬಹಿರಂಗ ಪತ್ರಗಳನ್ನು ಕಡತಕ್ಕೆ ಸೇರಿಸಿ ಮರೆಯುವ ಅಧಿಕಾರಿಗಳಿಗೆ ಇದನ್ನೊಮ್ಮೆ ತೋರಿಸಬಹುದು. ವಿಸ್ಕಾನ್ಸಿನ್ ರಾಜ್ಯದ ಎಲ್ರಾಯ್–ಸ್ಪಾರ್ಟಾ ದಾರಿ 1967ರದು, ಮೂರು ಸುರಂಗಗಳ ಮೂಲಕ ಹಾಯುತ್ತದೆ. ಮಿಸೌರಿ ನದಿಯ ದಂಡೆ ಹಿಡಿದು ಹೋಗುವ ಕೇಟಿ ಟ್ರೇಲ್ ಸುಮಾರು 385 ಕಿಲೋಮೀಟರ್; 1986ರಲ್ಲಿ ರೈಲು ನಿಂತಿತು, 1990ರಲ್ಲಿ ಮೊದಲ ತುಂಡು ತೆರೆಯಿತು.

ಪ್ರೇರಿ ಎಂದರೆ ಹುಲ್ಲುಬಯಲು, ನಮ್ಮ ಅಮೃತಮಹಲ್ ಕಾವಲುಗಳಂಥದು. ಇಲಿನಾಯ್‌ನಲ್ಲಿ ಅದು 2.2 ಕೋಟಿ ಎಕರೆ ಇತ್ತು. ಕೆಡದೆ ಉಳಿದದ್ದು 2,500 ಎಕರೆಯ ಆಸುಪಾಸು. ಹಾಗೆ ಉಳಿದ ತುಂಡುಗಳಲ್ಲಿ ಕೆಲವು ಹಳೆಯ ರೈಲು ಹಳಿಗಳ ಪಕ್ಕದವು, ಯಾಕೆಂದರೆ ಅಲ್ಲಿಗೆ ನೇಗಿಲು ಹೋಗಲಿಲ್ಲ. ನಮ್ಮ ನಾಲೆ ಏರಿಯೂ ಹಾಗೆಯೇ ಉಳುಮೆ ಕಾಣದ ಉದ್ದನೆಯ ಪಟ್ಟಿ, ಸರ್ಕಾರದ್ದೇ ಜಾಗ. ಸೈಕಲ್ಲಿಗೆ ಇದು ರೈಲುದಾರಿಗಿಂತ ಮೇಲು: ನಾಲೆಯ ತಳ ಸಾವಿರಾರು ಅಡಿ ಸಾಗಿದರೆ ಒಂದಡಿ ಇಳಿಯುವಂಥದು. ಗೇರ್ ಇಲ್ಲದ ಸೈಕಲ್ಲಿನಲ್ಲಿ, ಹಿಂದೆ ಹುಲ್ಲಿನ ಹೊರೆ ಇದ್ದರೂ, ಎದ್ದುನಿಂತು ತುಳಿಯುವ ಪ್ರಮೇಯ ಬರುವುದಿಲ್ಲ.

ಇನ್ನು ಗೇಟು. ಮೊದಲು ಗೇಟು, ಆಮೇಲೆ ದಾರಿ. ಈ ಕ್ರಮ ತಪ್ಪಿದರೆ ಕೆಲಸ ಕೆಟ್ಟಂತೆ. ಏರಿಯನ್ನು ನುಣ್ಣಗೆ ಮಾಡಿ ಬಾಯಿ ತೆರೆದಿಟ್ಟರೆ ಎರಡೇ ವಾರದಲ್ಲಿ ಅದು ಕಾರುಗಳ ಶಾರ್ಟ್‌ಕಟ್. ಗೇಟಿನ ಜಾಗದಲ್ಲಿ ದಾರಿಗೆ ಅಡ್ಡಲಾಗಿ ನೆಡುವ ಕಂಬಗಳ ನಡುವಿನ ಅಂತರ 1.5 ಮೀಟರ್ ಇಟ್ಟರೆ ಆಲ್ಟೊ ಕಾರು ಕೂದಲೆಳೆಯಲ್ಲಿ ತೂರುತ್ತದೆ, ಅದರ ಅಗಲವೇ 1.49 ಮೀಟರ್. ಆಟೊ 1.3 ಮೀಟರ್. ಹಾಗಾಗಿ ಅಂತರ 1.2 ಮೀಟರ್ ಇರಲಿ. ಎರಡು ಕಡೆ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲೂ ಅಂಗವಿಕಲರ ತ್ರಿಚಕ್ರವೂ ಅದರಲ್ಲಿ ಹಿಡಿಸುತ್ತವೆ. ಕಂಬಗಳ ಸಂಖ್ಯೆ ಬೆಸವಾಗಿರಬೇಕು, ಒಂದು ಅಥವಾ ಮೂರು. ಎರಡು ನೆಟ್ಟರೆ ನಡುವೆ ಒಂದೇ ಸಂದು ಆಗಿ ಆ ಕಡೆಯವರು ಈ ಕಡೆಯವರು ಅದಕ್ಕೇ ನುಗ್ಗಿ ಡಿಕ್ಕಿ ಹೊಡೆಯುತ್ತಾರೆ. ಕಂಬ ಸೊಂಟದೆತ್ತರ ಇರಲಿ, ಹೊಳೆಯುವ ಪಟ್ಟಿ ಇರಲಿ. ಮೋಟುಕಂಬ ಸಂಜೆ ಹೊತ್ತಿನಲ್ಲಿ ಸೈಕಲ್ಲಿನವನನ್ನೇ ಬೀಳಿಸುತ್ತದೆ.

ಪಕ್ಕದಲ್ಲೇ ಬೀಗ ಹಾಕುವ ದೊಡ್ಡ ಗೇಟೂ ಬೇಕು, ನಾಲೆ ನೋಡಿಕೊಳ್ಳುವ ಕಾವೇರಿ ನೀರಾವರಿ ನಿಗಮದ ಜೀಪಿಗೆ, ಆಂಬುಲೆನ್ಸಿಗೆ, ಏರಿ ಪಕ್ಕದ ಗದ್ದೆಯವರ ಟ್ರ್ಯಾಕ್ಟರಿಗೆ. ಬೀಗದ ಕೈ ತಾಲ್ಲೂಕು ಕಚೇರಿಯಲ್ಲಿದ್ದರೆ ಪ್ರಯೋಜನವಿಲ್ಲ. ಅದು ಆ ಭಾಗದ ಸೌಡಿಯ (ನಾಲೆ ನೀರು ಬಿಡುವವನ) ಹತ್ತಿರ ಇರಬೇಕು, ಒಂದು ನಕಲು ಗ್ರಾಮ ಪಂಚಾಯಿತಿಯಲ್ಲಿ. ಗದ್ದೆಗೆ ಗೊಬ್ಬರ ಸಾಗಿಸಲು ಬೇರೆ ದಾರಿಯಿಲ್ಲದ ರೈತರ ಪಟ್ಟಿ ಮಾಡದೆ ಗೇಟು ಹಾಕಿದರೆ ಅದು ಮೊದಲ ಕಟಾವಿಗೇ ಕಿತ್ತುಹೋಗುತ್ತದೆ, ಮತ್ತು ಕಿತ್ತವರದು ತಪ್ಪಲ್ಲ. ಹುಲ್ಲು ಹೊತ್ತ ಟಿವಿಎಸ್ ಮೊಪೆಡ್ಡುಗಳನ್ನು ತಡೆಯಲು ಹೋಗಬೇಡಿ ಎಂಬುದು ನಮ್ಮ ಅಭಿಪ್ರಾಯ. ಅವುಗಳನ್ನು ತಡೆಯುವ ಯಾವ ಗೇಟಾದರೂ ಸೈಕಲ್ಲನ್ನೂ ತಡೆಯುತ್ತದೆ.

ದಾರಿಯ ಅಳತೆ ಹೀಗೆ. ಏರಿ 5 ಮೀಟರ್ ಅಗಲ ಇರುವಲ್ಲಿ ನೀರಿನ ಕಡೆ 1.5 ಮೀಟರ್ ಹುಲ್ಲು, ನಡುವೆ 3 ಮೀಟರ್ ದಾರಿ, ಗದ್ದೆ ಕಡೆ ಅರ್ಧ ಮೀಟರ್ ಅಂಚು. ನೀರಿನ ಕಡೆ ಒಂದೂವರೆ ಮೀಟರ್ ಸಿಗದ ಕಡೆ ದಾರಿಯನ್ನು 2.4 ಮೀಟರಿಗೆ ಇಳಿಸಿ 1.1 ಮೀಟರ್ ಎತ್ತರದ ಕಂಬಿ ಹಾಕಲೇಬೇಕು. ಏರಿಯನ್ನು ಎಲ್ಲೂ ಅಗೆಯಬಾರದು. ಏನೇ ಹಾಕಿದರೂ ಈಗಿರುವ ಮಟ್ಟದ ಮೇಲೆ. ಅಗೆದ ಏರಿಯಲ್ಲಿ ನೀರು ಜಿನುಗುತ್ತದೆ, ಏಡಿ ಬಿಲ ಸೇರಿಕೊಂಡರೆ ಏರಿ ಒಡೆಯುವುದಕ್ಕೆ ಅಷ್ಟು ಸಾಕು. ಮೇಲ್ಮೈ ನಾಲೆಯಿಂದ ಗದ್ದೆ ಕಡೆಗೆ ಮೀಟರಿಗೆ 2 ಸೆಂಟಿಮೀಟರ್ ವಾಟವಾಗಿರಲಿ. ನಾಲೆ ಕಡೆಗೆ ವಾಟ ಕೊಟ್ಟರೆ ಮಳೆನೀರು ಕಾಂಕ್ರೀಟ್ ಹೊದಿಕೆಯ ಹಿಂದಿನ ಮಣ್ಣನ್ನು ಕೊರೆದು ಹೊದಿಕೆಯನ್ನೇ ಜಾರಿಸುತ್ತದೆ.

ಕಾಂಕ್ರೀಟೂ ಬೇಡ, ಡಾಂಬರೂ ಬೇಡ. ಕೇಟಿ ಟ್ರೇಲ್‌ನಲ್ಲಿ ಹಾಸಿರುವುದು ಸುಣ್ಣಕಲ್ಲಿನ ಪುಡಿ. ಅದು ನೆನೆದು ಒಣಗಿದಾಗ ತಾನಾಗಿ ಹಿಡಿದುಕೊಳ್ಳುತ್ತದೆ. ಮಂಡ್ಯದ ಕ್ರಷರುಗಳಲ್ಲಿ ಸಿಗುವುದು ಗ್ರಾನೈಟ್ ಪುಡಿ, ಅದಕ್ಕೆ ಆ ಗುಣವಿಲ್ಲ. ಬರಿದೇ ಹಾಸಿದರೆ ಬೇಸಿಗೆಯಲ್ಲಿ ಮರಳಿನಂತಾಗಿ ಚಕ್ರ ಹೂತುಕೊಳ್ಳುತ್ತದೆ. ಮೂರು ಪಾಲು ಕ್ರಷರ್ ಪುಡಿಗೆ ಒಂದು ಪಾಲು ಜರಡಿ ಹಿಡಿದ ಗ್ರಾವೆಲ್ ಮಣ್ಣು ಬೆರೆಸಿ ಹತ್ತಿಪ್ಪತ್ತು ಮೀಟರ್ ಹಾಸಿ ನೋಡಲಿ. ಮಣ್ಣು ಹೆಚ್ಚಾದರೆ ಮಳೆಯಲ್ಲಿ ಮಡ್‌ಗಾರ್ಡಿಗೆ ಮೆತ್ತಿಕೊಳ್ಳುತ್ತದೆ, ಕಡಿಮೆಯಾದರೆ ಪುಡಿ ಹಾರುತ್ತದೆ. ಕೆಳಗೆ 15 ಸೆಂಟಿಮೀಟರ್ ಜಲ್ಲಿ, ಎರಡು ಪದರವಾಗಿ. ಮೇಲೆ 5 ಸೆಂಟಿಮೀಟರ್ ಈ ಮಿಶ್ರಣ. ದಮ್ಮಸು ಮಾಡಿದ ಮೇಲಿನ ಲೆಕ್ಕದಲ್ಲಿ ಕಿಲೋಮೀಟರಿಗೆ 450 ಘನ ಮೀಟರ್ ಜಲ್ಲಿ, 150 ಘನ ಮೀಟರ್ ಮಿಶ್ರಣ. ತರಿಸುವಾಗ ಕಾಲು ಪಾಲು ಹೆಚ್ಚಿಗೆ ಹಿಡಿಯಬೇಕು. ಕಂಪನದ ದೊಡ್ಡ ರೋಲರ್ ಬೇಡ, ನಾಲೆಯ ಹೊದಿಕೆ ಬಿರುಕು ಬಿಡುತ್ತದೆ. ಕೈಯಲ್ಲಿ ತಳ್ಳುವ ಸಣ್ಣ ರೋಲರ್ ಸಾಕು, ನೀರು ಚಿಮುಕಿಸಿ ನಾಲ್ಕೈದು ಸಲ.

ಒಂದು ಮುಳ್ಳಿನ ಬಗ್ಗೆಯೂ ಹೇಳಬೇಕು. ನೆಗ್ಗಿಲು ಮುಳ್ಳಿನ ಕಾಯಿ ಒಣಗಿದಾಗ ಐದು ಹೋಳಾಗುತ್ತದೆ, ಪ್ರತಿ ಹೋಳಿಗೂ ಎರಡು ಗಟ್ಟಿ ಮುಳ್ಳು. ಹೇಗೇ ಬಿದ್ದರೂ ಒಂದು ಮೇಲಕ್ಕೆ ನಿಂತಿರುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿದರೂ ಟೈರಿನೊಳಗೆ ಬಟ್ಟೆ ಆಡಿಸಿ ಮುರಿದ ತುದಿ ಹುಡುಕದಿದ್ದರೆ ಅರ್ಧ ಗಂಟೆಯಲ್ಲಿ ಮತ್ತೆ ಪಂಕ್ಚರ್. ಇದೇ ಗಿಡ ಅಮೆರಿಕಕ್ಕೂ ಹೋಗಿ ಸೇರಿದೆ. ನೆಬ್ರಾಸ್ಕ ಹುಲ್ಲುಗಾಡಿನ ಕೌಬಾಯ್ ಟ್ರೇಲ್‌ನಲ್ಲಿ ಸವಾರರು ಅತಿ ಹೆಚ್ಚು ಬೈಯುವುದು ಇದನ್ನೇ. ಇದು ಹಬ್ಬುವುದು ಕೆರೆದು ಬೋಳಾದ ಒಣನೆಲದಲ್ಲಿ, ದಟ್ಟ ಹುಲ್ಲಿನ ನಡುವೆ ಅಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಜೆಸಿಬಿಯಲ್ಲಿ ಏರಿ ಕೆರೆಸುವ ಪದ್ಧತಿ ನಿಲ್ಲಲಿ. ಅಂಚಿನ ಗರಿಕೆ ಹಾಗೇ ಇರಲಿ, ಇಳಿಜಾರಿಗೆ ಲಾವಂಚ ನೆಡಿಸಿ. ಬಳ್ಳಾರಿ ಜಾಲಿಯನ್ನು ಮಾತ್ರ ಬೇರುಸಹಿತ ಕೀಳಿಸಬೇಕು, ಕಡಿದ ಕೊಂಬೆ ದಾರಿಯಲ್ಲಿ ಒಂದು ದಿನವೂ ಬಿದ್ದಿರಬಾರದು.

ಹೂಳೆತ್ತುವ ಕಾಲ ಬಂದಾಗ ಈ ದಾರಿ ಹಾಳಾಗುವುದು ಖಚಿತ, ಮೊದಲೇ ಕಟ್ಟುಪಾಡು ಹಾಕದಿದ್ದರೆ. ಚೈನ್ ಇರುವ ಯಂತ್ರ ಒಮ್ಮೆ ತಿರುಗಿದರೆ 5 ಸೆಂಟಿಮೀಟರ್ ಮೇಲ್ಪದರ ಪೂರ್ತಿ ಏಳುತ್ತದೆ. ಟೆಂಡರಿನಲ್ಲಿ ಮೂರು ಸಾಲು ಸೇರಿಸಿ: ಈ ಏರಿಯ ಮೇಲೆ ಟೈರಿನ ಯಂತ್ರ ಮಾತ್ರ, ಎತ್ತಿದ ಹೂಳು ಏಳು ದಿನದೊಳಗೆ ತೆರವು, ಕೆಟ್ಟ ಮೇಲ್ಪದರ ಗುತ್ತಿಗೆದಾರನ ಖರ್ಚಿನಲ್ಲೇ ಸರಿ.

ಹುಲಿಕೆರೆ ಬಳಿ ನಾಲೆ ಸುರಂಗದೊಳಗೆ ಹೋಗುತ್ತದೆ, ಏರಿಯೇ ಇರುವುದಿಲ್ಲ. ಎಲ್ರಾಯ್‌ನಲ್ಲಿ ರೈಲು ಸುರಂಗದಲ್ಲಿ ಟಾರ್ಚ್ ಹಿಡಿದು ಸೈಕಲ್ ತಳ್ಳಿಕೊಂಡು ಹೋಗಬಹುದು; ಇಲ್ಲಿ ಒಳಗೆ ನೀರು. ಮೊದಲ ಹತ್ತು ಕಿಲೋಮೀಟರನ್ನು ಸುರಂಗ ದಾಟಿದ ಮೇಲೆ, ತುರುಗನೂರು ಅಥವಾ ಮದ್ದೂರು ಶಾಖಾ ನಾಲೆಯ ಮೇಲೆ ಆರಿಸಿಕೊಳ್ಳುವುದು ಜಾಣತನ. ಪಕ್ಕದ ಊರುಗಳಿಗೆ ಬೇರೆ ರಸ್ತೆ ಇರುವ ತುಂಡೇ ಆಗಬೇಕು.

ನಾಲೆಗೆ ಬಿದ್ದವರು ಸಾಯುವುದು ಆಳಕ್ಕಿಂತ ಹೆಚ್ಚಾಗಿ ಪಾಚಿಗಟ್ಟಿದ ಕಾಂಕ್ರೀಟ್ ಇಳಿಜಾರಿನಿಂದ. ಹಿಡಿಯಲು ಏನೂ ಸಿಗುವುದಿಲ್ಲ. ಪ್ರತಿ 200 ಮೀಟರಿಗೆ ಮೆಟ್ಟಿಲು, ಅದರ ಪಕ್ಕ ನೀರಿಗಿಳಿಯುವ ಸರಪಣಿ ಹಾಕಿಸಿ. ಬಟ್ಟೆ ಒಗೆಯುವ ಹೆಂಗಸರಿಗೂ ಅದೇ ಆಧಾರ. ಕೇಟಿ ಟ್ರೇಲ್‌ನಲ್ಲಿ ಹಳೆಯ ರೈಲು ಕಂಪನಿಯ ಮೈಲಿ ಸಂಖ್ಯೆಗಳನ್ನೇ ಇವತ್ತಿಗೂ ಬಳಸುತ್ತಾರೆ. ನಮ್ಮ ನಾಲೆಗೂ ನೀರಾವರಿಯವರ ಚೈನೇಜ್ ಲೆಕ್ಕ, ಅಂದರೆ ನಾಲೆಯ ಮೊದಲಿನಿಂದ ಎಷ್ಟು ದೂರ ಎಂಬ ಲೆಕ್ಕ, ಇದ್ದೇ ಇದೆ. ಅದನ್ನು ಕನ್ನಡ ಅಂಕಿಯಲ್ಲೂ ಇಂಗ್ಲಿಷ್ ಅಂಕಿಯಲ್ಲೂ ದೊಡ್ಡದಾಗಿ ಬರೆಸಿದರೆ 112ಕ್ಕೆ ಕರೆ ಮಾಡಿದವರು ತಾವಿರುವ ಜಾಗ ಹೇಳಬಲ್ಲರು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ಒಂದು ರಸ್ತೆಯಲ್ಲಿ ಮೋಟಾರು ವಾಹನಗಳನ್ನು ನಿರ್ಬಂಧಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ; ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿದರಾಯಿತು. ಮುಂದಿನ ಬಾರಿ ನಾಲೆಯಲ್ಲಿ ನೀರು ನಿಲ್ಲಿಸುವ ಹೊತ್ತಿಗೆ ತುಂಡು ಯಾವುದೆಂದು ಗೊತ್ತುಮಾಡಿ, ಸೌಡಿಗಳನ್ನೂ ಏರಿ ಪಕ್ಕದ ರೈತರನ್ನೂ ಒಂದು ಸಲ ಕೂರಿಸಿ ಮಾತಾಡಿ, ಗೇಟು ನಿಲ್ಲಿಸಿ. ಜಲ್ಲಿ ಆಮೇಲೆ ಬರಲಿ.

ಇಂತಿ,
ಮಂಡ್ಯ–ಮೈಸೂರು ಭಾಗದ ಸೈಕಲ್ ಸವಾರರು